ಗೋಡೆ ತುರಿದ ಭಾನುವಾರ

ನನಗೊಂದು ದೌರ್ಬಲ್ಯವಿದೆ, ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಸಲೀಸು. ಮದ್ರಾಸಿನ ಟಿ. ನಗರಕ್ಕೆ ಹೋದ ಹೆಂಗಸರು ಸಾಮಾನ್ಯವಾಗಿ ಕಳೆದುಹೋಗುವುದು ರೇಷ್ಮೆ ಸೀರೆ ಅಂಗಡಿಗಳಲ್ಲಿ. ನಾನು ಕಳೆದುಹೋಗುವುದು ಆ ಅಂಗಡಿಗಳ ಹಿಂದಿನ ಗಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ. ಸಾಲಾಗಿ ನೇತುಬಿದ್ದ ಸ್ಪ್ಯಾನರುಗಳು, ಡಬ್ಬಿಗಳಲ್ಲಿ ಅಳತೆವಾರು ಮಲಗಿದ ಸ್ಕ್ರೂಗಳು, ಗ್ರೀಸಿನ ವಾಸನೆ, ಇವುಗಳ ನಡುವೆ ನಿಂತರೆ ಸಾಕು, ಪ್ರಪಂಚದಲ್ಲಿ ಏನು ಮುರಿದರೂ ನಾನೇ ಸರಿ ಮಾಡಬಲ್ಲೆ ಎಂಬ ಧೈರ್ಯ ಬಂದುಬಿಡುತ್ತದೆ. ಆ ಧೈರ್ಯ ಮನೆ ಬಾಗಿಲಿನವರೆಗೂ ಇರುತ್ತದೆ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಕ್ಲೇಮು ನೋಡುವವಳು ನಾನು. ಬೇರೆಯವರ ಮನೆಯಲ್ಲಿ ಒಡೆದದ್ದು, ಸುಟ್ಟದ್ದು, ಕುಸಿದದ್ದರ ಬಗ್ಗೆ ಗಂಭೀರವಾಗಿ ಟಿಪ್ಪಣಿ ಬರೆಯುತ್ತೇನೆ. ನಮ್ಮ ಮನೆಯಲ್ಲಿ ನಾನು ಒಂದು ಮೊಳೆ ಹೊಡೆಯಲು ಹೋದರೆ ಮಾತ್ರ ಮೊಳೆ ಹೋಗುವುದಿಲ್ಲ, ಗಾರೆ ಬರುತ್ತದೆ.

ನಾವಿರುವುದು ಕೋಡಂಬಾಕ್ಕಂನಲ್ಲಿ, ಎರಡನೇ ಮಹಡಿಯ ಫ್ಲ್ಯಾಟು. ನಾನು, ರೈಲ್ವೆಯಲ್ಲಿರುವ ನಮ್ಮ ಯಜಮಾನರು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಮಗಳು, ಮತ್ತು ಎಂಬತ್ತೊಂದು ವರ್ಷದ ನಮ್ಮ ಅತ್ತೆ ಪುಟ್ಟಗೌರಮ್ಮನವರು. ಅತ್ತೆಗೆಂದು ಹಾಲಿನ ಒಂದು ಭಾಗಕ್ಕೆ ಜಿಪ್ಸಮ್ ಬೋರ್ಡಿನ ಅಡ್ಡಗೋಡೆ ಹಾಕಿಸಿ ಕೋಣೆ ಮಾಡಿಸಿದ್ದೆವು. ಬಚ್ಚಲು ಕೋಣೆಯ ಒಳಗಿನಿಂದಲೇ, ಹಾಲಿನ ಕಡೆ ಬಾಗಿಲಿನ ಜಾಗದಲ್ಲಿ ಒಂದು ಪರದೆ. ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಅತ್ತೆಯ ಮಂಡಿ ಆಪರೇಷನ್ ಆಯಿತು. ಆಸ್ಪತ್ರೆಯಿಂದ ನಾಲ್ಕು ಕಾಲಿನ ವಾಕರ್ ಹಿಡಿದು ಮನೆಗೆ ಬಂದರು. ಹಾಲು ದಾಟಿದರು, ಪರದೆ ಸರಿಸಿದರು, ವಾಕರ್ ಟಕ್ ಎಂದು ನಿಂತಿತು. ಬಾಗಿಲಿಗಿಂತ ವಾಕರ್ ಒಂದು ಬೆರಳು ಅಗಲ.

ಯಜಮಾನರು ರೈಲ್ವೆಯವರ ಶಿಸ್ತಿನಿಂದ ಟೇಪು ತಂದು ಮೂರು ಸಲ ಅಳೆದರು. ವಾಕರಿನ ಅಳತೆ ಸರಿಯಾಗಿದೆ, ಬಾಗಿಲಿನ ಅಳತೆಯೂ ಸರಿಯಾಗಿದೆ, ಆದರೆ ಎರಡಕ್ಕೂ ಹೊಂದಾಣಿಕೆ ಇಲ್ಲ ಎಂದು ತೀರ್ಪು ಕೊಟ್ಟರು. ನಮ್ಮ ಮದುವೆಗೆ ಮುಂಚೆ ಜಾತಕ ನೋಡಿದ ಜೋಯಿಸರೂ ಇದನ್ನೇ ಹೇಳಿದ್ದರಂತೆ. ಜೋಯಿಸರ ಮಾತನ್ನು ಹೇಗೆ ಬದಿಗೊತ್ತಿದೆವೋ ಹಾಗೆಯೇ ಇದನ್ನೂ ನಿಭಾಯಿಸಿದೆವು. ವಾಕರ್ ಮಡಚುವುದು, ಅತ್ತೆ ನನ್ನ ಭುಜ ಹಿಡಿದು ಹೊಸ್ತಿಲು ದಾಟುವುದು, ಆಚೆ ಮತ್ತೆ ವಾಕರ್ ಬಿಡಿಸುವುದು. ಗೋಡೆ ಕಟ್ಟಿದ ಮುರುಗೇಶನ್‌ಗೆ ಫೋನ್ ಮಾಡಿದಾಗಲೆಲ್ಲ, "ನಾಳೈಕ್ಕು ಕಂಡಿಪ್ಪಾ ವರೇನ್ ಮೇಡಂ" ಎನ್ನುತ್ತಿದ್ದರು. ನಾಳೆ ಖಂಡಿತ ಬರುವ ಆ ಮಾತಿಗೆ ಮೂರು ವಾರ ವಯಸ್ಸಾಯಿತು.

ನಿಜ ಹೇಳುತ್ತೇನೆ, ಮೊದಲ ವಾರ ನನಗೆ ಅಂಥ ಬೇಸರವೇನೂ ಆಗಲಿಲ್ಲ. ಅಡುಗೆಮನೆ ಪೂರಾ ನನ್ನದಾಗಿತ್ತು. ಸಾರಿಗೆ ಬೆಲ್ಲ ಹಾಕಿದೆಯಾ ಎಂದು ಕೇಳುವವರಿಲ್ಲ, ಒಗ್ಗರಣೆ ಸೀದದ್ದನ್ನು ಮೂಸುವವರಿಲ್ಲ. ಆದರೆ ಒಂದು ದಿನ ನಾನು ಆಫೀಸಿನಲ್ಲಿದ್ದಾಗ ಅತ್ತೆ ಒಬ್ಬರೇ ಹೊರಗೆ ಬರಲು ನೋಡಿದ್ದಾರೆ. ವಾಕರ್ ಸಿಕ್ಕಿಕೊಂಡಿದೆ, ಆಯ ತಪ್ಪಿದೆ, ಪರದೆ ಹಿಡಿದಿದ್ದಾರೆ, ಪರದೆಯ ಕಂಬಿ ಸಮೇತ ಹಿಂದಕ್ಕೆ ಮಂಚದ ಮೇಲೆ ಕೂತಿದ್ದಾರೆ. ದೇವರ ದಯೆ, ಮಂಚ ಅಲ್ಲಿತ್ತು. ಅವತ್ತಿನಿಂದ ಅತ್ತೆ ಹೊರಗೆ ಬರುವುದನ್ನೇ ಬಿಟ್ಟರು. ದಿನಕ್ಕೆ ಹತ್ತು ಸುತ್ತು ನಡೆಯದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅತ್ತೆ ಕೇಳಲಿಲ್ಲ. ತಟ್ಟೆ ಕೋಣೆಗೇ ಹೋಗತೊಡಗಿತು, ಧಾರಾವಾಹಿಯನ್ನು ಗೋಡೆಯ ಆಚೆಯಿಂದ ಬರೀ ಕೇಳಿಸಿಕೊಂಡರು. ಒಂದು ರಾತ್ರಿ ಊಟಕ್ಕೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅತ್ತೆ ಏನೂ ಹೇಳದೆ ಉಂಡು ತಟ್ಟೆ ಈಚೆ ಕೊಟ್ಟರು. ಆಗ ನನಗೆ ಭಯವಾಯಿತು.

ಮಾರನೆಯ ದಿನ ಸಂಜೆ ಆಫೀಸಿನಿಂದ ನೇರ ಟಿ. ನಗರದ ಆ ಅಂಗಡಿಗೆ ಹೋಗಿ ಉಪ್ಪುಕಾಗದ ಕೇಳಿದೆ. ಗೋಡೆಯ ಅಂಚನ್ನು ಉಜ್ಜಿ ಉಜ್ಜಿ ಒಂದು ಬೆರಳು ಸವೆಸುವುದು ನನ್ನ ಯೋಜನೆ. ಅಂಗಡಿಯ ಮಾಲೀಕ ಅಣ್ಣಾಚ್ಚಿ ವಿವರ ಕೇಳಿ, ಇದರಲ್ಲಿ ಉಜ್ಜುತ್ತಾ ಕೂತರೆ ಪೊಂಗಲ್ ಬಂದುಬಿಡುತ್ತದೆ ಎಂದು ತಮಿಳಿನಲ್ಲಿ ನಕ್ಕು, ಒಳಗಿನಿಂದ ಒಂದು ಪುಟ್ಟ ಸಾಧನ ತಂದು ನನ್ನ ಅಂಗೈಯಲ್ಲಿಟ್ಟರು. ಹೆಸರು ಶೇವರ್. ಗಾತ್ರದಲ್ಲಿ ಸೋಪಿನ ಡಬ್ಬಿ, ಮೇಲೆ ಹಿಡಿಯಲೊಂದು ಹಿಡಿ, ಕೆಳಗೆ ಕ್ಯಾರೆಟ್ ತುರಿಯುವ ಮಣೆಯಂಥ ಉಕ್ಕಿನ ತಗಡು. ತಗಡಿನ ತುಂಬ ಸಣ್ಣ ತೂತು, ಪ್ರತಿ ತೂತಿಗೂ ಒಂದು ಹಲ್ಲು. ತುರಿದದ್ದು ತೂತಿನಿಂದ ಮೇಲೆ ಬಂದು ಉದುರಿಹೋಗುವುದರಿಂದ ಹಲ್ಲಿಗೆ ಏನೂ ಕಚ್ಚಿಕೊಳ್ಳುವುದಿಲ್ಲ. ಮರಕ್ಕೂ ಆಯಿತು, ಜಿಪ್ಸಮ್ ಬೋರ್ಡಿಗೂ ಆಯಿತು. ಕೌಂಟರಿನ ಮೇಲಿದ್ದ ಒಂದು ಮರದ ತುಂಡಿನ ಮೇಲೆ ಅವರು ಸರಕ್ಕೆಂದು ಎಳೆದು ತೋರಿಸಿದರು. ಮೂಲೆ ಮಾಯವಾಗಿ ಅಲ್ಲೊಂದು ನುಣುಪಾದ ಗುಂಡು ಅಂಚು ಬಂತು. ಇಂಥದ್ದೊಂದು ಪ್ರಪಂಚದಲ್ಲಿರುವಾಗ ಇಷ್ಟು ವರ್ಷ ನಾನು ಹೇಗೆ ಬದುಕಿದ್ದೆ ಎಂದು ಆಶ್ಚರ್ಯವಾಯಿತು. ಬಸ್ಸಿನಲ್ಲಿ ಮನೆಯವರೆಗೂ ಅದನ್ನು ಚೀಲದೊಳಗೆ ಇಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಹಿಮ್ಮಡಿ ಉಜ್ಜುವುದಕ್ಕಾ ಎಂದು ಕೇಳಿದರು. ಅಲ್ಲ, ಗೋಡೆ ತುರಿಯುವುದಕ್ಕೆ ಎಂದೆ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದರು.

ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು. ಕೈ ಸುಮ್ಮನಿರಲಿಲ್ಲ. ಮಳೆಗೆ ಉಬ್ಬಿಕೊಂಡಿದ್ದ ನಮ್ಮ ಬಚ್ಚಲುಮನೆಯ ಬಾಗಿಲನ್ನು ತುರಿದೆ, ಅದು ಹೂವಿನಂತೆ ಮುಚ್ಚಿಕೊಂಡಿತು. ಬೀರುವಿನ ಡ್ರಾಯರು ತುರಿದೆ. ಚಪಾತಿ ಮಣೆಯ ಅಂಚು ಮುಟ್ಟಿದರೆ ಒರಟು ಅನ್ನಿಸಿತು, ಅದನ್ನೂ ತುರಿದೆ. ಅವತ್ತಿನ ಚಪಾತಿಯಲ್ಲಿ ಮರದ ಪರಿಮಳವಿತ್ತು ಎಂದು ಯಜಮಾನರು ಹೇಳಿದ್ದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ. ಮಗಳು ಮಾತ್ರ ತನ್ನ ಗಿಟಾರನ್ನು ಎತ್ತಿ ಅಟ್ಟದ ಮೇಲಿಟ್ಟಳು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಸೆರಗು ಸಿಕ್ಕಿಸಿ, ಹಳೇ ಬೆಡ್‌ಶೀಟ್ ಹಾಸಿ, ಗೋಡೆಯ ಮುಂದೆ ನಿಂತೆ. ಬೋರ್ಡಿನ ಅಂಚಿಗೆ ಮುರುಗೇಶನ್ ಒಂದು ಮರದ ಪಟ್ಟಿ ಹೊಡೆದಿದ್ದರು. ಮೊದಲು ಪಟ್ಟಿ, ಆಮೇಲೆ ಬೋರ್ಡು, ಮೇಲಿನಿಂದ ಕೆಳಗಿನವರೆಗೆ ಏಳಡಿ. ಶೇವರ್ ಇಟ್ಟು ಜೋರಾಗಿ ಮುಂದಕ್ಕೆ ತಳ್ಳಿದೆ. ಅದು ಕಿಟಕಿಟ ಎಂದು ಕುಣಿಯಿತು, ಪಟ್ಟಿಯ ಮೇಲೆ ಬೆಕ್ಕು ಪರಚಿದಂಥ ಗೀರು ಬಿತ್ತು. ಇನ್ನೂ ಜೋರಾಗಿ ತಳ್ಳಿದೆ. ಶೇವರ್ ಜಾರಿ ಬೋರ್ಡಿನೊಳಗಿದ್ದ ಒಂದು ಸ್ಕ್ರೂಗೆ ಬಡಿದು, ಉದ್ದಿನ ವಡೆಯಷ್ಟು ಗೋಡೆ ಕಿತ್ತುಕೊಂಡು ನನ್ನ ಕಾಲ ಮೇಲೆ ಬಿತ್ತು. ಯಜಮಾನರು ಪೇಪರ್ ಕೆಳಗಿಳಿಸಿ ನೋಡಿ, ಮತ್ತೆ ಮೇಲೆತ್ತಿದರು. ನನಗೆ ಅಳುವೇ ಬಂತು. ಮೂರು ವಾರದ ಮೇಲೆ ಅತ್ತೆಯನ್ನು ಹೊರಗೆ ತರುತ್ತೇನೆಂದು ಹೊರಟವಳು ಅವರ ಕೋಣೆಯನ್ನೇ ಕೆಡವುತ್ತಿದ್ದೆ.

ಮಂಚದ ಮೇಲೆ ಕೂತು ಇಷ್ಟೂ ಹೊತ್ತು ನೋಡುತ್ತಿದ್ದ ಅತ್ತೆ ಆಗ ಬಾಯಿ ಬಿಟ್ಟರು. "ವತ್ಸಲಾ, ಅದನ್ನ ತಳ್ಳಬಾರದು ಕಣೇ. ನಿನ್ನ ಕಡೆಗೆ ಎಳ್ಕೋಬೇಕು."

ತಿರುಗಿ ನೋಡಿದೆ. ಅತ್ತೆ ಕೈ ಚಾಚಿದ್ದರು. ನಾನು ಕುರ್ಚಿ ತಂದು ಬಾಗಿಲ ಪಕ್ಕ ಹಾಕಿ, ಅವರನ್ನು ಹಿಡಿದು ಕೂರಿಸಿ, ಶೇವರ್ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಹಲ್ಲಿನ ಮೇಲೆ ಹೆಬ್ಬೆರಳು ಹಗುರಾಗಿ ಆಡಿಸಿ, ಪಟ್ಟಿಯ ಮೇಲಿಟ್ಟು ತಮ್ಮ ಕಡೆಗೆ ಒಂದೇ ಸಮ ಎಳೆದರು. ಸರ್ ಎಂದು ಸದ್ದಾಯಿತು. ತೆಳ್ಳಗೆ ಸುರುಳಿ ಸುರುಳಿಯಾಗಿ ಮರ ಉದುರಿತು. ಮೇಲಿನಿಂದ ಏಳಡಿ ತುರಿಯುವ ನನ್ನ ಯೋಜನೆ ಹೇಳಿದಾಗ, "ನಾನೇನು ಆನೆ ಮೇಲೆ ಕೂತು ಬರ್ತೀನಾ? ವಾಕರ್ ಅಗಲ ಇರೋದು ಕಾಲ ಹತ್ರ. ಅಲ್ಲಿ ತೆಗೆದ್ರೆ ಸಾಕು" ಎಂದರು. ಮೂರು ಸಲ ಟೇಪು ಹಿಡಿದ ಯಜಮಾನರು ಪೇಪರಿನ ಹಿಂದೆ ಇನ್ನಷ್ಟು ಕುಗ್ಗಿದರು.

ನಮ್ಮ ಮಾವ ಇಲ್ಲಿನ ಸ್ಟುಡಿಯೋಗಳಲ್ಲಿ ಸೆಟ್ಟು ಕಟ್ಟುವ ಕೆಲಸದಲ್ಲಿದ್ದರು ಎಂಬುದು ನನಗೆ ಗೊತ್ತಿತ್ತು. ಕನ್ನಡ ಸಿನಿಮಾಗಳೂ ಇಲ್ಲೇ ತಯಾರಾಗುತ್ತಿದ್ದ ಕಾಲ ಅದು. ಆದರೆ ಅತ್ತೆಯೂ ಆ ಕೆಲಸ ಮಾಡಿದ್ದರೆಂದು ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಅಚ್ಚಿನಿಂದ ತೆಗೆದ ಒರಟು ಪ್ಲಾಸ್ಟರಿನ ಕಮಲ, ಕಂಬದ ತಲೆಗೆ ಕೂರಿಸುವ ಬೋದಿಗೆ, ಗಿಳಿಗಳನ್ನು ಮಾವ ಮನೆಗೆ ಹೊತ್ತು ತರುತ್ತಿದ್ದರಂತೆ. ವಠಾರದ ಹೆಂಗಸರು ಅಡುಗೆ ಮುಗಿಸಿ, ಅರ ಹಿಡಿದು ಅವನ್ನು ತೀಡಿ ನುಣುಪು ಮಾಡುತ್ತಿದ್ದರಂತೆ. ಒಂದು ಸಲ ಸಿಂಹಾಸನದ ಬೆನ್ನಿಗೆ ಕೂರಿಸುವ ಸಿಂಹದ ಮುಖ ಅತ್ತೆಯ ಪಾಲಿಗೆ ಬಂತು. ಒಂದೊಂದು ಕೂದಲಿನ ಸುರುಳಿಯನ್ನೂ ಎಂಟು ದಿನ ಕೂತು ತೀಡಿದರು. ಸಿನಿಮಾ ಬಂದಾಗ ವಠಾರದವರನ್ನೆಲ್ಲ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತರು. "ರಾಜ ಕೂತವನು ಏಳಲೇ ಇಲ್ಲ ಕಣೇ" ಎಂದರು ಅತ್ತೆ. "ಕೊನೇವರೆಗೂ ಅವನ ಬೆನ್ನೇ ಅಡ್ಡ. ನನ್ನ ಸಿಂಹ ಯಾರಿಗೂ ಕಾಣ್ಲಿಲ್ಲ."

ಇಷ್ಟು ಹೇಳುತ್ತಾ ಅವರ ಕೈ ಮಾತ್ರ ನಿಂತಿರಲಿಲ್ಲ. ಪಟ್ಟಿ ಮುಗಿದು ಬೋರ್ಡು ಬಂತು, ಮರದ ಸುರುಳಿಯ ಬದಲು ಬಿಳಿ ಪುಡಿ ಸುರಿಯತೊಡಗಿತು. ಮೊಣಕೈವರೆಗೆ, ಕೂದಲವರೆಗೆ ಬಿಳಿ. ಅತ್ತೆ ತಮ್ಮ ಕೈ ತಿರುಗಿಸಿ ನೋಡಿಕೊಂಡರು. ನಿಮ್ಮ ಮಾವ ಸಂಜೆ ಹೀಗೇ ಬರ್ತಿದ್ದರು, ಮಕ್ಕಳಿಗೆ ಗುರುತೇ ಸಿಗ್ತಿರಲಿಲ್ಲ ಎಂದರು. ಯಜಮಾನರು ಅಷ್ಟರಲ್ಲಿ ಪೇಪರ್ ಮಡಚಿಟ್ಟು ಬಂದು ತಾಯಿಯ ಕಾಲ ಬಳಿ ನೆಲದಲ್ಲಿ ಕೂತಿದ್ದರು.

ನಾನು ಕಿತ್ತ ವಡೆಯ ಜಾಗಕ್ಕೆ ಪ್ಲಾಸ್ಟರ್ ಬೇಕಾಯಿತು. ಅತ್ತೆ ಯಜಮಾನರನ್ನು ಅಂಗಡಿಗೆ ಓಡಿಸಿದರು. ಪುಡಿಯನ್ನು ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿಸಿ ತುಂಬಿದರು. ಪೂರ್ತಿ ಒಣಗಲು ಬಿಡಬಾರದು, ಅರ್ಧ ಗಟ್ಟಿಯಾದಾಗ ಹಿಡಿಯಬೇಕು ಎಂದು ಉಗುರಿನಿಂದ ಒತ್ತಿ ಒತ್ತಿ ನೋಡಿ, ಸರಿಯಾದ ಗಳಿಗೆಗೆ ಶೇವರ್ ಎಳೆದರು. ಬೆಣ್ಣೆಯ ಹಾಗೆ ಬಂತು. ನಾವೆಲ್ಲ ಉಸಿರು ಬಿಗಿಹಿಡಿದು ಸುತ್ತ ಕೂತಿದ್ದೆವು. ಮಧ್ಯಾಹ್ನದ ಅಡುಗೆಯ ನೆನಪು ಯಾರಿಗೂ ಇರಲಿಲ್ಲ. ಮಗಳು ಫೋನಿನಲ್ಲಿ ಅಜ್ಜಿಯ ವೀಡಿಯೊ ಹಿಡಿಯುತ್ತಾ, "ಸೂಪರ್ ಪಾಟ್ಟಿ" ಎನ್ನುತ್ತಿದ್ದಳು. ಮೂರು ಗಂಟೆಯ ಹೊತ್ತಿಗೆ ಬಾಗಿಲ ಎರಡೂ ಅಂಚು ಮೊಣಕಾಲಿನಿಂದ ಕೆಳಗೆ ಮೆಲ್ಲಗೆ ಬಳುಕಿ ಅಗಲವಾಗಿ, ಗಂಟೆಯ ಬಾಯಿಯ ಹಾಗೆ ಅರಳಿಕೊಂಡಿದ್ದವು. ನಾನು ಬರೀ ಒಂದು ಬೆರಳಿನ ಜಾಗ ಬಯಸಿದ್ದೆ, ಅತ್ತೆ ಅರಮನೆಯ ಬಾಗಿಲು ಮಾಡಿಟ್ಟಿದ್ದರು.

ಅತ್ತೆ ಎದ್ದು ವಾಕರ್ ಹಿಡಿದರು. ಹಿಂದಿನಿಂದ ಹಿಡಿಯಲು ಹೋದ ನನ್ನನ್ನು ಬೇಡವೆಂದರು. ನಾಲ್ಕು ಕಾಲೂ ಗೋಡೆಗೆ ತಾಗದೆ ಈಚೆ ಬಂದವು. ಹಾಲಿನಲ್ಲಿ ಒಂದು ಸುತ್ತು, ಎರಡು ಸುತ್ತು, ಹತ್ತನೇ ಸುತ್ತಿಗೆ ನೇರ ಅಡುಗೆಮನೆಗೆ ನುಗ್ಗಿ, ಹಿಂದಿನ ದಿನದ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿದರು. ಇದಕ್ಕೆ ಸಾರು ಅನ್ನೋದಾ ಎಂದು ಕೇಳಿದರು. ಆ ಪ್ರಶ್ನೆ ಕೇಳಿ ಅಷ್ಟು ಸಂತೋಷಪಟ್ಟ ಸೊಸೆ ಮದ್ರಾಸಿನಲ್ಲಿ ಇನ್ನೊಬ್ಬಳಿರಲಾರಳು.

ಮಗಳ ವೀಡಿಯೊ ಇಡೀ ಕಟ್ಟಡಕ್ಕೆ ಹರಡಿತು. ವಾರದೊಳಗೆ ಕೆಳಗಿನ ಮನೆಯ ಜಾನಕಿ ಮಾಮಿಯ ಫೋನು: ಅವರ ದೇವರ ಗೂಡಿನ ಬಾಗಿಲು ಹಿಡಿದುಕೊಳ್ಳುತ್ತಿದೆ, ಆ ಶೇವರ್ ತಂದು ಸ್ವಲ್ಪ ನೋಡಲಾದೀತೇ ಎಂದು. ನನಗೆ ಹಿಡಿಸಲಾರದಷ್ಟು ಹುರುಪು. ಅಷ್ಟು ಹೊತ್ತಿಗೆ ಎಳೆಯುವುದನ್ನು ನಾನೂ ಕಲಿತಿದ್ದೆ. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿ, ಮೂವತ್ತು ವರ್ಷ ಸರ್ವೀಸಾದವಳ ಗತ್ತಿನಲ್ಲಿ ಹೋಗಿ ಬೆಲ್ ಒತ್ತಿದೆ. ಮಾಮಿ ಬಾಗಿಲು ತೆಗೆದು ನನ್ನನ್ನು ನೋಡಿದರು. ಆಮೇಲೆ ನನ್ನ ಭುಜದ ಮೇಲಿಂದ ಲಿಫ್ಟಿನ ಕಡೆ ನೋಡಿದರು.

"ಪಾಟ್ಟಿ ವರಲಿಯಾ?" ಎಂದು ಕೇಳಿದರು.

ಅಜ್ಜಿ ಬರದೆ ಇರುತ್ತಾರೆಯೇ, ಬರುತ್ತಿದ್ದಾರೆ, ಪೇಪರ್ ಹಾಸಲೆಂದು ನಾನು ಮೊದಲೇ ಬಂದೆ ಎಂದೆ. ಹೇಳಿಬಿಟ್ಟ ಮೇಲೆ ಇನ್ನೇನು, ಮತ್ತೆ ಮಹಡಿ ಹತ್ತಿ ಅತ್ತೆಯನ್ನು ಕರೆಯಲು ಓಡಿದೆ.