ಎಗೊನ್ ಕೂತ ಸೀಟು

ಎಗೊನ್ ಕೂತದ್ದೇ ತಪ್ಪಾಯಿತು. ಆ ಗುರುವಾರ ಅವನು ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು, ಗೋಡೆಗೆ ಒರಗಬಹುದಿತ್ತು, ನೆಲದ ಮೇಲೆ ಮಲಗಿದ್ದರೂ ನಡೆಯುತ್ತಿತ್ತು. ಕೂರಬಾರದಿತ್ತು.

ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಸೀಟಿಗೆ ಹೊಸ ಹೊದಿಕೆ ಹಾಕುವ ಶೆಡ್ಡು ನಮ್ಮದು. ಸ್ವೆಂಡ್‌ಬೊರ್ಗಿನ ಬಂದರಿನ ಹಿಂದೆ ಇದೆ. ಇಡೀ ಊರು ಮೆತ್ತಗೆ ಕೂರಲಿ ಎಂದು ನಾವು ಐದು ಜನ ದಿನಕ್ಕೆ ಏಳೂವರೆ ಗಂಟೆ ನಿಂತಿರುತ್ತೇವೆ. ನಿಂತಿರುತ್ತೇವೆ ಎಂದರೂ ಜಂಬವೇ, ಬಗ್ಗಿರುತ್ತೇವೆ. ಕೆಲಸದ ಮೇಜು ಮೇಸ್ತ್ರಿ ಥೊರ್ವಾಲ್ಡನ ಅಜ್ಜ ತನ್ನ ಅಳತೆಗೆ ಮಾಡಿಸಿದ್ದು. ಅಜ್ಜ ಗಿಡ್ಡ. ಮೊಮ್ಮಗನೂ ಗಿಡ್ಡ. ಎರಡು ಮೀಟರಿಗೆ ಏಳೇ ಸೆಂಟಿಮೀಟರು ಕಡಿಮೆಯಿರುವ ಎಗೊನ್ ಆ ಮೇಜಿನ ಮುಂದೆ ನಿಂತರೆ, ತಟ್ಟೆಯಲ್ಲಿ ನೀರು ಕುಡಿಯಲು ಒದ್ದಾಡುವ ಕೊಕ್ಕರೆಯ ಹಾಗೆ ಕಾಣುತ್ತಾನೆ. ಗುಂಡಿ ಒತ್ತಿದರೆ ಮೇಲೇರುವ ಮೇಜೊಂದು ಬೇಕೆಂದು ಅವನು ಆರು ವರ್ಷದಿಂದ ಕೇಳುತ್ತಿದ್ದ. "ನಮ್ಮಜ್ಜ ಅದೇ ಮೇಜಲ್ಲಿ ಎಂಬತ್ತರವರೆಗೂ ಕೆಲಸ ಮಾಡಿದ" ಎಂದು ಮೇಸ್ತ್ರಿ ಆರು ವರ್ಷದಿಂದ ಹೇಳುತ್ತಿದ್ದ.

ಎಗೊನ್ ನಮ್ಮ ಸುರಕ್ಷತಾ ಪ್ರತಿನಿಧಿಯೂ ಹೌದು. ಚುನಾವಣೆಯ ದಿನ ಅವನು ಹಲ್ಲು ಕೀಳಿಸಲು ಹೋಗಿದ್ದ. ಅಲ್ಲಿ ಇಲ್ಲದವನನ್ನೇ ಆರಿಸುವುದು ನಮ್ಮ ಪದ್ಧತಿ. ಪಾಪ, ಅವನು ಅದನ್ನು ನಿಜವೆಂದುಕೊಂಡ. ಗೋಡೆಯ ತುಂಬ ಚೀಟಿ ಅಂಟಿಸಿದ. ಅಂಟು ಸಿಂಪಡಿಸುವಾಗ ಮಾಸ್ಕ್ ಹಾಕಿ. ಬಾಯಲ್ಲಿ ಮೊಳೆ ಇಟ್ಟುಕೊಳ್ಳಬೇಡಿ. ಅಂಟಿನ ಮೂಲೆಯಲ್ಲಿ ಯಾರೂ ಕೂರಬೇಡಿ. ಕೊನೆಗೆ ಮೇಜಿನ ವಿಷಯಕ್ಕೆ ಕಾರ್ಮಿಕ ಸುರಕ್ಷತಾ ಇಲಾಖೆಗೇ ಗುಟ್ಟಾಗಿ ದೂರು ಬರೆದ. ಗುಟ್ಟು ಎಂದರೆ, ಮೇಸ್ತ್ರಿ ಒಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ದೂರು ಕೊಟ್ಟವರು ಯಾರೆಂದು ಇಲಾಖೆಯವರು ಬಾಯಿ ಬಿಡುವಂತಿಲ್ಲ, ದೂರು ಬಂದಿದೆ ಎಂದು ಕೂಡ ಹೇಳುವಂತಿಲ್ಲ. ಸುಮ್ಮನೆ ನೋಡಲು ಬಂದವರ ಹಾಗೆ ಬರುತ್ತಾರೆ. ಗುರುವಾರ ಹತ್ತು ಗಂಟೆಗೆ ಬರುತ್ತೇವೆಂದು ಕಾಗದ ಬಂದಿತ್ತು.

ಒಂಬತ್ತೂವರೆಗೆ, ಬೆಳಗಿನ ಬ್ರೆಡ್ಡು ಮುಗಿಸಿ ಎದ್ದಾಗ, ಎಗೊನನ ಬೆನ್ನು ಚಳಕ್ಕೆಂದಿತು. ಹತ್ತಿರದಲ್ಲಿ ಕಂಡದ್ದು ಬಸ್ ಚಾಲಕನ ಸೀಟು. ಕಾಲು ಬಿಚ್ಚಿ, ಹಳೆಯ ಹೊದಿಕೆ ಸುಲಿದು, ಕಟ್ಟೆಯ ಮೇಲೆ ಇಟ್ಟಿತ್ತು. ಅಮ್ಮಾ ಎನ್ನುತ್ತ ಅದರ ಮೇಲೆ ಕುಸಿದ. ಅಂಟಿನ ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಹದಿನೆಂಟು ವರ್ಷ ಅದನ್ನೇ ಕುಡಿದ ಮೂಗು ಅದು. ನನ್ನದೂ ಅಷ್ಟೇ. ನಮ್ಮ ಮುಂದೆ ಮೀನು ಕೊಳೆತರೂ ಗುಲಾಬಿ ಅರಳಿದರೂ ಒಂದೇ.

ಕೈ ತೊಳೆದು ಬಂದ ಫ್ರೋದೆ ಬಾಗಿಲಲ್ಲೇ ನಿಂತ.

"ಎಗೊನ್, ಏಳೋ. ಅದಕ್ಕೆ ಈಗಷ್ಟೇ ಅಂಟು ಹೊಡ್ದಿದೀನಿ."

"ಈಗಷ್ಟೇ ಅಂದ್ರೆ?"

"ಎಂಟು ನಿಮಿಷ."

ಎಂಟು ನಿಮಿಷ ಆರಲು ಬಿಟ್ಟು ಬಲವಾಗಿ ಒತ್ತಿ ಹಿಡಿಯಿರಿ ಎಂದು ಆ ಡಬ್ಬಿಯ ಮೇಲೆಯೇ ಬರೆದಿದೆ. ಎಗೊನ್ ತೊಂಬತ್ತೆಂಟು ಕೆ.ಜಿ. ಅಷ್ಟು ಬಲವಾಗಿ ನಮ್ಮ ಶೆಡ್ಡಿನಲ್ಲಿ ಯಾರೂ, ಏನನ್ನೂ ಒತ್ತಿ ಹಿಡಿದಿರಲಿಲ್ಲ. ಸಾಲದ್ದಕ್ಕೆ ಅವನ ಪ್ಯಾಂಟಿನ ಹಿಂಭಾಗದಲ್ಲಿ ಹಿಂದಿನ ವಾರದ ಅಂಟು ಮೆತ್ತಿತ್ತು. ಎರಡು ಕಡೆಯೂ ಅಂಟಿದ್ದರೆ ಹಿಡಿತ ಹೇಗಿರುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ.

ಎದ್ದು ನೋಡಿದ. ಸೀಟೂ ಎದ್ದಿತು. ಮತ್ತೆ ಕೂತ.

"ಬ್ರುನ್ಸ್ವಿಗರ್ ತಗೊಂಡ್ ಬಾ, ಮೇಲ್ಗಡೆ ಕಂದು ಸಕ್ಕರೆ ದಪ್ಪಕ್ಕಿರಲಿ" ಎಂದ ಫ್ರೋದೆ. ಎಡವಟ್ಟು ಮಾಡಿದವನು ಮಿಕ್ಕವರಿಗೆಲ್ಲ ಕೇಕ್ ತರಬೇಕೆಂಬುದು ನಮ್ಮಲ್ಲಿ ಕಾನೂನಿಗಿಂತ ಗಟ್ಟಿ.

"ಕೇಕ್ ಮನೆ ಹಾಳಾಗ್ಲಿ. ಹತ್ತು ಗಂಟೆಗೆ ಇಲಾಖೆ ಹೆಂಗಸು ಬರ್ತಾಳೆ. ಸುರಕ್ಷತಾ ಪ್ರತಿನಿಧಿನೇ ಹೀಗೆ ಕೂತಿದ್ರೆ ನನ್ನ ಮಾತು ಯಾರು ಕೇಳ್ತಾರೆ? ಮೇಜು ಹೋಯ್ತು ಅಂತ್ಲೇ ಲೆಕ್ಕ. ಬಿಡಿಸ್ರೋ ನನ್ನ."

ಹೊಲಿಗೆ ಯಂತ್ರದ ಬೋದಿಲ್ ತೋಳುದ್ದದ ಕತ್ತರಿ ಹಿಡಿದು ಬಂದಳು. "ಅಲ್ಲಾಡ್ಬೇಡ. ಸುತ್ತ ಕತ್ತರಿಸ್ಬಿಡ್ತೀನಿ."

"ಅಲ್ಲಿ ಏನೇನಿದೆ ಅಂತ ಗೊತ್ತಾ ನಿಂಗೆ?"

"ಮೂವತ್ತು ವರ್ಷದಿಂದ ಹಳೇ ಸೀಟೊಳಗೆ ಕೈ ಹಾಕ್ತಿದೀನಿ ಕಣೋ. ಇಲಿಗೂಡಿಗಿಂತ ಕೆಟ್ಟದ್ದು ಏನಿರುತ್ತೆ?"

ಎಗೊನ್ ಎರಡು ಕೈಯನ್ನೂ ಅಡ್ಡ ಹಿಡಿದ. ಅಷ್ಟರಲ್ಲಿ ಫ್ರೋದೆ ಅಂಟು ಕರಗಿಸುವ ದ್ರಾವಕದ ಡಬ್ಬಿ ತಂದ. "ಮಾಸ್ಕ್ ಹಾಕ್ಕೊಂಡು ಮುಚ್ಚಳ ತೆಗಿ" ಎಂದ ಎಗೊನ್. ಆ ಸ್ಥಿತಿಯಲ್ಲೂ ಅವನು ಪ್ರತಿನಿಧಿಯೇ. ಫ್ರೋದೆ ಮಾಸ್ಕ್ ಹುಡುಕಿ, ಹಾಕಿಕೊಂಡು, ಅರ್ಧ ಡಬ್ಬಿ ಸುರಿದ. ಅಂಟು ಕದಲಲಿಲ್ಲ. ಕೆಳಗಿನ ಸ್ಪಂಜು ಕರಗಿತು. ಎಗೊನ್ ಹಡಗು ಮುಳುಗುವ ಹಾಗೆ ಮೆಲ್ಲಗೆ ನಾಲ್ಕು ಬೆರಳು ಒಳಗೆ ಇಳಿದ.

"ಉರೀತಿದೆ" ಎಂದ.

"ಕೆಲಸ ಮಾಡ್ತಿದೆ ಅಂತ ಅರ್ಥ" ಎಂದ ಫ್ರೋದೆ.

ನಾನೂ ಸುಮ್ಮನಿರಲಿಲ್ಲ. ಎರಡು ಕೈ ಹಿಡಿದು ಜಗ್ಗಿದೆ. ಅವನ ಬೆನ್ನು ಇನ್ನೊಮ್ಮೆ ಚಳಕ್ಕೆಂದದ್ದಷ್ಟೇ ನನ್ನ ಕೊಡುಗೆ.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಬೋದಿಲ್ ಅರೆಹೊಲಿದ ಹೊದಿಕೆಯೊಂದನ್ನು ಎಗೊನನ ಮಡಿಲಿಗೆ ಎಸೆದು, ಕೈಗೆ ಸೂಜಿ ತುರುಕಿದಳು. "ಹೊಲೀತಾ ಇರು. ಬಾಯಿ ಬಿಡ್ಬೇಡ."

ಇಲಾಖೆಯ ಸಿಗ್ರಿದ್ ತೆಳ್ಳಗಿನ, ಅವಸರವಿಲ್ಲದ ಹೆಂಗಸು. ಮೇಸ್ತ್ರಿ ಅವಳ ಪಕ್ಕದಲ್ಲಿ ಮದುವೆ ಮನೆಯ ಯಜಮಾನನ ಹಾಗೆ ನಗುತ್ತ ನಡೆಯುತ್ತಿದ್ದ. ಅವಳು ಸ್ಟೇಪಲ್ ಗನ್ ಎತ್ತಿ ನೋಡಿದಳು, ಗಾಳಿಯ ಪೈಪು ನೋಡಿದಳು. ಮೊಳೆ ಹೊಡೆಯುತ್ತಿದ್ದ ಫ್ರೋದೆಯ ಮುಂದೆ ನಿಂತಳು.

"ಹಳಬರು ಮೊಳೆನ ಬಾಯಲ್ಲಿ ಇಟ್ಕೋತಾರಂತೆ. ನೀವು ಇಟ್ಕೊಳ್ಳಲ್ಲ ತಾನೆ?"

ಫ್ರೋದೆ ಬಾಯಿ ಬಿಡದೆ ತಲೆ ಅಡ್ಡಡ್ಡ ಆಡಿಸಿದ.

"ಎಷ್ಟು ವರ್ಷ ಆಯ್ತು ಇಲ್ಲಿ?"

ಫ್ರೋದೆ ಎರಡು ಸಲ ಹತ್ತು ಬೆರಳು ತೋರಿಸಿದ. ಮಾತು ಕಡಿಮೆ ಇರುವವನು ಎಂದು ಮೇಸ್ತ್ರಿ ವಿವರಿಸಿದ. ಫ್ರೋದೆಯಷ್ಟು ಬಾಯಿಬಡುಕ ನಮ್ಮ ಊರಿರುವ ಇಡೀ ದ್ವೀಪದಲ್ಲೇ ಇಲ್ಲ. ಅವಳು ಅತ್ತ ಸರಿದ ಮೇಲೆ ಫ್ರೋದೆ ಗುಟ್ಟಾಗಿ ಅಂಗೈಗೆ ಹದಿನಾಲ್ಕು ಮೊಳೆ ಉಗಿದ. ಹದಿನೈದು ಇದ್ದವೇನೋ ಎಂಬ ಅನುಮಾನ ಅವನಿಗೆ ಇವತ್ತಿಗೂ ಇದೆ.

ಸಿಗ್ರಿದ್ ಎಗೊನನ ಮುಂದೆ ಬಂದಳು. ಹಿಂದಿನಿಂದ ಪ್ಯಾಂಟು ಜಗ್ಗುತ್ತಿದ್ದದ್ದರಿಂದ ಅವನು ಫೋಟೋಗೆ ಕೂತವನ ಹಾಗೆ ನೆಟ್ಟಗೆ ಕೂತಿದ್ದ. ಅವಳ ಮುಖ ಅರಳಿತು.

"ಬೆನ್ನು ಇಷ್ಟು ನೇರ ಇಟ್ಕೊಂಡು ಕೆಲಸ ಮಾಡೋರನ್ನ ಈ ಕಸುಬಲ್ಲಿ ನಾನು ನೋಡೇ ಇಲ್ಲ. ನೀವು ಯಾವಾಗ್ಲೂ ಕೂತೇ ಕೆಲಸ ಮಾಡ್ತೀರಾ?"

ಎಗೊನ್ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿದ, "ಯಾವಾಗ್ಲೂ. ನನ್ನ ಜನ ನಿಂತ್ಕೊಳ್ಳೋದು ನನಗೆ ನೋಡಕ್ಕಾಗಲ್ಲ."

"ಹಾಗಾದ್ರೆ ಆ ತಗ್ಗು ಮೇಜು?"

"ಅದಾ, ಅಜ್ಜನ ನೆನಪಿಗೆ ಇಟ್ಟಿರೋದು."

"ಸಂತೋಷ. ಇಲ್ಲಿ ಬಗ್ಗಿ ಮಾಡೋ ಕೆಲಸ ಇಲ್ಲ ಅಂತ ಬರ್ಕೋತೀನಿ" ಎಂದು ಅವಳು ಪೆನ್ನು ತೆಗೆದಳು.

ಆ ಪೆನ್ನಿನ ತುದಿ ಕಾಗದಕ್ಕೆ ಇಳಿಯುವುದನ್ನು ಎಗೊನ್ ನೋಡಿದ. ಆರು ವರ್ಷ. ಮರ್ಯಾದೆ ಒಂದು ಕಡೆ, ಮೇಜು ಒಂದು ಕಡೆ. ಬೋದಿಲ್ ಬೇಡ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು.

"ಬರೀಬೇಡಿ" ಎಂದವನೇ ಎಗೊನ್ ಸೀಟಿನ ಅಂಚಿಗೆ ಎರಡು ಕೈ ಊರಿ, ಹಲ್ಲು ಕಚ್ಚಿ ಎದ್ದ. ಹಾಯಿ ಹರಿದ ಹಾಗೆ ಸದ್ದಾಯಿತು. ಪ್ಯಾಂಟಿನ ಮುಂಭಾಗ ಅವನ ಜೊತೆ ಬಂತು. ಹಿಂಭಾಗವೂ ಅದರೊಳಗಿದ್ದ ಕೆಂಪು ಉಣ್ಣೆಯ ಚಡ್ಡಿಯ ಮುಕ್ಕಾಲು ಪಾಲೂ ಸೀಟಿಗೇ ಉಳಿದವು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ನೇರವಾಗಿ ಅಜ್ಜನ ಮೇಜಿಗೆ ಹೋಗಿ ಬಗ್ಗಿದ.

"ನೋಡಿ. ದಿನಾ ನಾನು ಹೀಗಿರ್ತೀನಿ. ಕಾಣ್ತಿದ್ಯಾ?"

"ಚೆನ್ನಾಗಿ ಕಾಣ್ತಿದೆ" ಎಂದಳು ಸಿಗ್ರಿದ್.

ಬೋದಿಲ್ ಓಡಿಹೋಗಿ ಅವನ ಹಿಂದೆ ಟ್ರ್ಯಾಕ್ಟರ್ ಸೀಟಿನ ಹೊದಿಕೆ ಹಿಡಿದಳು. "ಸಾಕು ಏಳೋ" ಎಂದು ಪಿಸುಗುಟ್ಟಿದಳು.

"ಏಳೋಕಾಗ್ತಿಲ್ಲ" ಎಂದ ಎಗೊನ್. "ಬೆನ್ನು ಹಿಡ್ಕೊಂಡಿದೆ."

ಸಿಗ್ರಿದ್ ನಗಲಿಲ್ಲ. ಸೀಟಿನ ಮೇಲಿನ ಬಟ್ಟೆ ನೋಡಿದಳು, ಕರಗಿದ ಸ್ಪಂಜು ನೋಡಿದಳು, ಮುಚ್ಚಳವಿಲ್ಲದ ಡಬ್ಬಿ ಮೂಸಿ ತಲೆ ಹಿಂದಕ್ಕೆಳೆದಳು. ಹಳೆಯ ಪುಟ ಹರಿದು ಹೊಸದಾಗಿ ಬರೆದಳು.

"ಮೇಸ್ತ್ರಿ, ಇದು ತುರ್ತು. ಈ ಅಂಟನ್ನ ಹೀಗೆ ತೆರೆದ ಶೆಡ್ಡಲ್ಲಿ ಇನ್ನು ಒಂದು ಹನಿನೂ ಸಿಂಪಡಿಸೋ ಹಾಗಿಲ್ಲ. ಗಾಳಿ ಹೀರೋ ಪೆಟ್ಟಿಗೆ ಒಳಗೇ ಆಗ್ಬೇಕು. ಅಲ್ಲೀವರೆಗೆ ಕೆಲಸ ಬಂದ್."

"ಮೇಜು?" ಎಂದಿತು ಬಗ್ಗಿದ ಕಡೆಯಿಂದ ಒಂದು ಧ್ವನಿ.

"ಅಪಾಯ ದೊಡ್ಡದಿರೋದು ಮೊದಲು. ಮೇಜನ್ನ ಮುಂದಿನ ಸಲ ನೋಡೋಣ."

"ಮುಂದಿನ ಸಲ ಅಂದ್ರೆ ಯಾವಾಗ?"

"ಮೂರು ವರ್ಷ, ನಾಲ್ಕು ವರ್ಷ."

ಮೇಸ್ತ್ರಿಯ ಮುಖ ಮೊದಲು ಬಿಳಿಚಿ, ಆಮೇಲೆ ಮೆಲ್ಲಗೆ ಬಣ್ಣ ಪಡೆಯಿತು. ಹಿತ್ತಲಲ್ಲಿ ಅಂಥದ್ದೇ ಒಂದು ಗಾಳಿಪೆಟ್ಟಿಗೆ ಬಿದ್ದಿರುವುದು ಅವನಿಗೆ ನೆನಪಾಗಿತ್ತು. ಮುಚ್ಚಿಹೋದ ಸೈಕಲ್ ಅಂಗಡಿಯಿಂದ ಪುಕ್ಕಟೆ ಬಂದದ್ದು, ಸೈಕಲ್ಲಿಗೆ ಬಣ್ಣ ಹೊಡೆಯುವಂಥದ್ದು. ನಾವೇ ಉರುಳಿಸಿಕೊಂಡು ಬಂದು, ಪೈಪನ್ನು ಕಿಟಕಿಯಿಂದ ಹೊರಗೆ ಬಿಟ್ಟು, ತಂತಿ ಸಿಕ್ಕಿಸಿದೆವು. ಫ್ಯಾನು ಹಂದಿಯ ಹಾಗೆ ಗುರುಗುಟ್ಟಿತು. ಸಿಗ್ರಿದ್ ಹೊಗೆ ಬಿಟ್ಟು ಪರೀಕ್ಷಿಸಿದಳು. ಹೊಗೆಯೆಲ್ಲ ಸೊಂಯ್ ಎಂದು ಒಳಗೆ ಹೋಯಿತು.

"ಗಾಳಿ ಅದ್ಭುತವಾಗಿದೆ. ಆದ್ರೆ ಪೆಟ್ಟಿಗೆ ಬಾಯಿ ತುಂಬ ತಗ್ಗಲ್ಲಿದೆ, ಹೆಚ್ಚುಕಮ್ಮಿ ಮೊಣಕಾಲ ಹತ್ರ. ಯಾರಾದ್ರೂ ನಿಂತು ತೋರಿಸಿ. ಎತ್ತರ ಹೊಂದದಿದ್ರೆ ನಾನು ಒಪ್ಪಲ್ಲ."

ನಾವು ಮುಖ ಮುಖ ನೋಡಿಕೊಂಡೆವು. ಸ್ವಂತ ಬೆನ್ನನ್ನು ಅದಕ್ಕೆ ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಮೇಸ್ತ್ರಿ ಮಾತ್ರ ಎಗೊನನ ತೋಳು ಹಿಡಿದು, ಬಗ್ಗಿದವನನ್ನು ಬಗ್ಗಿದ ಹಾಗೆಯೇ, ಕುರುಡನನ್ನು ರಸ್ತೆ ದಾಟಿಸುವಷ್ಟು ಪ್ರೀತಿಯಿಂದ ನಡೆಸಿಕೊಂಡು ಬಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಎಗೊನನ ತಲೆ, ಭುಜ, ಎರಡು ಕೈ ಸರಾಗವಾಗಿ ಒಳಗೆ ಹೋದವು. ಅಚ್ಚು ಹಾಕಿದ ಹಾಗೆ ಹೊಂದಿದವು.

ಸಿಗ್ರಿದ್ ಅಳತೆ ಪಟ್ಟಿ ಹಿಡಿದು ನೋಡಿ, "ಎತ್ತರ ಸರಿಯಾಗಿದೆ" ಎಂದು ಬರೆದಳು. "ಇಲ್ಲಿ ಸುರಕ್ಷತಾ ಪ್ರತಿನಿಧಿ ಯಾರು? ಒಪ್ಪಿಗೆಗೆ ಅವರ ಸಹಿನೂ ಬೇಕು."

ನಾವೆಲ್ಲ ಪೆಟ್ಟಿಗೆಯತ್ತ ಕೈ ತೋರಿಸಿದೆವು. ಮೇಸ್ತ್ರಿಯೇ ಕಾಗದವನ್ನೂ ಪೆನ್ನನ್ನೂ ಪೆಟ್ಟಿಗೆಯೊಳಗೆ ಚಾಚಿದ. ಸಹಿ ಹಾಕಲು ಎಗೊನ್ ಮತ್ತೆ ಬಗ್ಗಬೇಕಾಗಲಿಲ್ಲ.