ಸೈಲೆನ್ಸರಿನ ತೂತು

ನಮ್ಮ ಕಣಿವೆಯಲ್ಲಿ ನಾಲ್ಕು ಚಕ್ರದ ಬೈಕನ್ನು ನನ್ನಷ್ಟು ಚೆನ್ನಾಗಿ ನೋಡಿಕೊಳ್ಳುವ ಗಂಡಸು ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ದರೂ ಅವನು ಇಷ್ಟು ಹೊತ್ತಿಗೆ ಕುರಿ ಸಾಕಣೆ ಬಿಟ್ಟು ಪೇಟೆಯಲ್ಲಿ ಅಂಗಡಿ ಇಟ್ಟಿರುತ್ತಾನೆ. ಎಣ್ಣೆ ಬದಲಾಯಿಸುವುದು, ಏರ್ ಫಿಲ್ಟರ್ ತೊಳೆಯುವುದು, ಗುಡ್ಡ ಹತ್ತುವ ದಿನ ಟೈರಿನ ಗಾಳಿ ಒಂದಿಷ್ಟು ಇಳಿಸುವುದು, ಬ್ರೇಕಿಗೆ ಮೆತ್ತಿದ ಕೆಸರನ್ನು ಹಳೇ ಟೂತ್‌ಬ್ರಷ್ಷಿನಿಂದ ಕೆರೆಯುವುದು, ಇವೆಲ್ಲ ನನ್ನ ಪಾಲಿಗೆ ವ್ರತ. ನನ್ನ ಹಲ್ಲಿಗಿಂತ ಅದರ ಬ್ರೇಕು ಹೊಳೆಯುತ್ತದೆ ಎಂದರೆ ಅದು ಬರೀ ಬಡಾಯಿ ಅಲ್ಲ, ಹಲ್ಲಿನ ಡಾಕ್ಟರೂ ಒಪ್ಪಿದ್ದಾರೆ.

ಈ ಹೆಮ್ಮೆಗೆ ಒಬ್ಬಳದೇ ತಕರಾರಿತ್ತು, ಹೆಂಡತಿ ಮೇರಿಯನ್ನಳದು. ಒಂದು ದಿನ ನಾನು ಗಾಡಿಯ ಕೆಳಗೆ ಮಲಗಿದ್ದಾಗ ಅವಳು ಪಕ್ಕದಲ್ಲಿ ಬಂದು ನಿಂತಳು. ನನಗೆ ಕಂಡದ್ದು ಅವಳ ಚಪ್ಪಲಿ ಮತ್ತು ಒಂದು ಸೂಟ್‌ಕೇಸು.

“ಲಿಂಡ್ಸೆ, ಇದಕ್ಕೆ ಹೊತ್ತುಹೊತ್ತಿಗೆ ಎಣ್ಣೆ ನೋಡ್ತೀಯ, ಗಾಳಿ ನೋಡ್ತೀಯ. ನನ್ನನ್ನ ಒಂದು ದಿನ ಹೇಗಿದೀಯ ಅಂತ ಕೇಳಿದೀಯಾ?”

“ಆ ಹತ್ತನೇ ನಂಬರಿನ ಸ್ಪ್ಯಾನರ್ ಕೊಡು,” ಎಂದೆ ನಾನು. ಕೊಟ್ಟಳು, ಪಾಪ. ಆಮೇಲೆ ನೆಲ್ಸನ್ ಪಟ್ಟಣದಲ್ಲಿರುವ ತಂಗಿಯ ಮನೆಗೆ ಒಂದು ವಾರಕ್ಕೆಂದು ಹೋದಳು. ಆ ವಾರ ಇನ್ನೂ ಮುಗಿದಿಲ್ಲ.

ನ್ಯೂಜಿಲೆಂಡಿನಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚು ಎಂದು ಹೊರಗಿನವರು ನಗುತ್ತಾರೆ. ನನ್ನ ಮನೆಯಲ್ಲಿ ಅದು ನಗುವ ಮಾತಲ್ಲ. ಮನುಷ್ಯ ನಾನೊಬ್ಬ. ಜೊತೆಗೆ ಕಿಪ್ ಎಂಬ ಮುದಿ ನಾಯಿ, ಅದಕ್ಕೆ ಕಿವಿ ಮುಕ್ಕಾಲು ಹೋಗಿದೆ. ಗುಡ್ಡದ ಆಚೆ ಮಗ್ಗುಲಲ್ಲಿ ನೋಲಾ ಹರಿಂಗ್ ಎಂಬ ಮುದುಕಿ, ಗಂಡ ಲೆನ್ ತೀರಿಕೊಂಡ ಮೇಲೆ ಅವರೂ ಒಬ್ಬರೇ. ಅವರನ್ನು ಬಿಟ್ಟರೆ ಮುಂದಿನ ಹೊಗೆಕೊಳವೆ ಕಾಣಬೇಕಾದರೆ ದುರ್ಬೀನು ಬೇಕು. ನಾನು ಇವತ್ತು ಸತ್ತರೆ ಯಾರಿಗೆ ತಿಳಿಯುತ್ತದೆ ಎಂದು ಎಷ್ಟೋ ಸಂಜೆ ಒಬ್ಬನೇ ಲೆಕ್ಕ ಹಾಕಿದ್ದೇನೆ. ಮೊದಲು ಕುರಿಗಳಿಗೆ ತಿಳಿಯುತ್ತದೆ, ಹುಲ್ಲು ಬರಲಿಲ್ಲವೆಂದು. ಅವು ಯಾರಿಗೂ ಹೇಳುವುದಿಲ್ಲ.

ಇರಲಿ. ನನ್ನ ಗಾಡಿಗೆ ಚಂದ್ರನಿಗಿದ್ದಂತೆ ಒಂದೇ ಒಂದು ಕಳಂಕವಿತ್ತು. ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಶುರು ಮಾಡಿದರೆ ತಗಡಿನ ಮಾಡಿನ ಮೇಲೆ ಕಲ್ಲಿನ ಲಾರಿ ಬರಿದು ಮಾಡಿದ ಸದ್ದು. ನೋಲಾ ಸಿಕ್ಕಾಗಲೆಲ್ಲ ಅದೇ ಮಾತು.

“ನಿನ್ನ ಕತ್ತೆ ಬೆಳಿಗ್ಗೆ ಎದ್ದು ಅರಚಿದರೆ ನನ್ನ ಕೋಳಿ ಮೊಟ್ಟೆ ಇಡಲ್ಲ ಕಣೋ.”

ಹಾಗೆ ಬೈಯುತ್ತಲೇ ಚಹಾ ಕೊಡುವರು. ಕುರಿಗೆ ಹುಲ್ಲು ಹಾಕಿ ಗುಡ್ಡ ಇಳಿದು ನಾನು ಅವರ ಬಾಗಿಲಿಗೆ ಹೋದಾಗಲೆಲ್ಲ ಕೆಟಲ್ ಕುದಿಯುತ್ತಿರುತ್ತಿತ್ತು. ಈ ಹೆಂಗಸು ಇಡೀ ದಿನ ಚಹಾ ಕಾಸುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲವಲ್ಲ ಎಂದು ನಾನು ಒಳಗೊಳಗೇ ಆಡಿಕೊಳ್ಳುತ್ತಿದ್ದೆ.

ಕೊನೆಗೆ ಆ ಚಳಿಗಾಲ ಹೊಸ ಗಾಡಿಯನ್ನೇ ಕೊಳ್ಳುವುದೆಂದು ರಾನ್‌ಫರ್ಲಿ ಪೇಟೆಗೆ ಹೊರಟೆ, ಕಿಪ್‌ನನ್ನೂ ಕರೆದುಕೊಂಡು. ಅಂಗಡಿಯವನು ಸೂರು, ಸ್ಟೀರಿಂಗು, ಅಕ್ಕಪಕ್ಕ ಎರಡು ಸೀಟು ಇರುವ ಹೊಸ ನಮೂನೆಯ ಗಾಡಿಯೊಂದನ್ನು ತೋರಿಸಿದ.

“ಎಷ್ಟು ಜನ ಕೂರ್ತೀರಿ?”

“ಒಬ್ಬ. ಮತ್ತೆ ಒಂದು ನಾಯಿ.”

“ಮನೆಯವರು?”

“ನಾಯಿ ಅಂದ್ನಲ್ಲ.”

ಅವನು ಕೆಮ್ಮಿ, ಮಾತನ್ನು ಎಂಜಿನ್ನಿನ ಕಡೆ ತಿರುಗಿಸಿದ. ನಾನು ಹತ್ತಿ ಕೂತೆ. ಮೆತ್ತನೆಯ ಸೀಟು, ಮಳೆ ಬಂದರೆ ನೆನೆಯುವ ಹಾಗಿಲ್ಲ, ಉರುಳಿದರೆ ತಲೆ ಕಾಯಲು ಕಬ್ಬಿಣದ ಚೌಕಟ್ಟು. ಕಿಪ್‌ನನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿದೆ. ಬೆಲ್ಟು ಹಾಕಿಲ್ಲವೆಂದು ಗಾಡಿ ಕುಯ್ಯೋ ಎಂದಿತು. ಬೆಲ್ಟು ಹಾಕಿದೆ. ನಾಯಿ ಕುಯ್ಯೋ ಎಂದಿತು. ಕಡೆಗೆ ಅದು ಬೆಲ್ಟಿನಿಂದ ನುಸುಳಿ ಕೆಳಗೆ ಹಾರಿತು, ನನ್ನ ಪಕ್ಕದ ಸೀಟು ಖಾಲಿಯಾಯಿತು. ನಾನು ಅದನ್ನೇ ನೋಡುತ್ತ ಕೂತೆ. ಒಂದೇ ಸೀಟಿನ ಗಾಡಿಯಲ್ಲಿ ಪಕ್ಕದಲ್ಲಿ ಯಾರೂ ಇಲ್ಲವೆಂಬುದು ಕಾಣುವುದಿಲ್ಲ. ಎರಡು ಸೀಟಿನದರಲ್ಲಿ ಕಾಣುತ್ತದೆ.

“ಇದು ಅಗಲ ಜಾಸ್ತಿ, ನಮ್ಮ ಗುಡ್ಡದ ದಾರಿಗೆ ಆಗಿಬರಲ್ಲ,” ಎಂದು ಗಂಭೀರವಾಗಿ ಹೇಳಿ ಇಳಿದೆ. ಹೊಸ ಸೈಲೆನ್ಸರ್ ಒಂದನ್ನು ಮಾತ್ರ ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ.

ಬರುವಾಗಲೇ ಶಪಥ ಮಾಡಿದ್ದೆ. ಇನ್ನು ಮುಂದೆ ಈ ಲಿಂಡ್ಸೆ ಪೆಟ್ರಿಯಿಂದ ಯಾವ ಜೀವಿಗೂ ತೊಂದರೆಯಿಲ್ಲ! ನೋಲಾರ ಕೋಳಿಗಳು ಬುಟ್ಟಿ ತುಂಬ ಮೊಟ್ಟೆ ಇಡಲಿ! ಹಳೆಯ ಸೈಲೆನ್ಸರ್ ಬಿಚ್ಚುವಾಗಲೇ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಹೊಸದನ್ನು ಕೂರಿಸಿ, ನಟ್ಟು ಬಿಗಿದು, ಗುಂಡಿ ಒತ್ತಿದೆ. ಏನೂ ಕೇಳಲಿಲ್ಲ. ಕೆಟ್ಟಿತೆಂದುಕೊಂಡು ಇನ್ನೊಮ್ಮೆ ಒತ್ತಹೋದೆ. ಸೀಟು ಮುಟ್ಟಿ ನೋಡಿದರೆ ಸಣ್ಣಗೆ ನಡುಗುತ್ತಿತ್ತು, ಅಂದರೆ ಎಂಜಿನ್ ಓಡುತ್ತಲೇ ಇತ್ತು. ನನ್ನ ಕೈಚಳಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ತಟ್ಟಲು ಬೇರೆ ಯಾರಿದ್ದರು?

ಮಾರನೆಯ ಬೆಳಿಗ್ಗೆ ಕಣಿವೆ ತುಂಬ ಮಂಜು. ಟ್ರೇಲರಿಗೆ ಹುಲ್ಲಿನ ಪಿಂಡಿ ಹೇರಿ, ಬೆಕ್ಕಿನ ಹೆಜ್ಜೆಯಲ್ಲಿ ಗುಡ್ಡ ಹತ್ತಿದೆ. ಮಂಜು ದಾಟಿ ಮೇಲೆ ಬಂದರೆ ಸ್ವಚ್ಛ ಬಿಸಿಲು, ಹೆಪ್ಪುಗಟ್ಟಿದ ಹುಲ್ಲು, ದೂರದಲ್ಲಿ ನನ್ನ ಕುರಿಗಳು. ದಿನಾ ನನ್ನ ಗಾಡಿಯ ಸದ್ದು ಕೇಳಿದರೆ ಮದುವೆ ಊಟಕ್ಕೆ ನುಗ್ಗುವವರ ಹಾಗೆ ಓಡಿ ಬರುತ್ತಿದ್ದವು ಅವು. ಆವತ್ತು ಒಂದೂ ತಲೆ ಎತ್ತಲಿಲ್ಲ. ಕೂಗಿದೆ, ಸಿಳ್ಳೆ ಹಾಕಿದೆ. ಯಾರೋ ದಾರಿಹೋಕ ಎಂಬಂತೆ ನೋಡಿದವು. ಕೊನೆಗೆ ಬೇರೆ ದಾರಿ ಕಾಣದೆ ಸೀಟಿನ ಮೇಲೆ ನಿಂತು, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಹಳೆಯ ಸೈಲೆನ್ಸರಿನ ಹಾಗೆ “ಡರ್ರ್ರ್ ಟಕಟಕ ಡರ್ರ್ರ್” ಎಂದು ಕಿರುಚಿದೆ. ತಕ್ಷಣ ಅಷ್ಟೂ ಓಡಿ ಬಂದವು!

ನನಗೆ ಎಂಥ ನಗು ಬಂತೆಂದರೆ ಸೀಟಿನಿಂದ ಬೀಳುವುದೊಂದು ಬಾಕಿ. ನಗುತ್ತ ಕಿಪ್‌ನ ಕಡೆ ತಿರುಗಿದೆ. ಕಿಪ್ ಇರಲಿಲ್ಲ. ಅದರ ಕಿವಿಗೆ ಬೀಳುತ್ತಿದ್ದುದು ಆ ಒಂದೇ ಸದ್ದು, ಅದು ಕೇಳದೆ ಜಗುಲಿಯಲ್ಲೇ ಮಲಗಿಬಿಟ್ಟಿತ್ತು. ಜೊತೆಗೆ ನಗಲು ಇನ್ನೊಬ್ಬರಿಲ್ಲದಿದ್ದರೆ ನಗು ಬೇಗ ಒಣಗುತ್ತದೆ. ಗುಡ್ಡದ ತುದಿಯಲ್ಲಿ ತಗಡಿನ ಗುಡಿಸಲೊಂದಿದೆ, ಕುರಿ ಒಟ್ಟುಮಾಡಲು ಬಂದವರು ತಂಗುವುದಕ್ಕೆ. ಅಲ್ಲಿ ಟ್ರೇಲರ್ ಬಿಚ್ಚಿಟ್ಟು, ಬಿಸಿಲಿಗೆ ಬೆನ್ನು ಕೊಟ್ಟು ಕೂತೆ. ಇಷ್ಟು ವರ್ಷ ಆ ಗದ್ದಲದ ನಡುವೆ ನನಗೆ ಒಂಟಿತನ ಇಷ್ಟೊಂದು ಕೇಳಿಸಿರಲಿಲ್ಲ. ಆವತ್ತು ಚೆನ್ನಾಗಿ ಕೇಳಿಸಿತು. ಕೇಳುತ್ತ ಕೇಳುತ್ತ ನಿದ್ದೆ ಬಂತು.

ಎದ್ದಾಗ ಹೊತ್ತು ಏರಿತ್ತು. ಗುಂಡಿ ಒತ್ತಿದೆ, ಗಾಡಿ ಅಲುಗಲಿಲ್ಲ. ಸೀಟು ಮುಟ್ಟಿದೆ, ನಡುಕವಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದೆ, ಪೆಟ್ರೋಲ್ ಒಣಗಿ ಹೋಗಿದೆ. ಕಣಿವೆಯ ಮಹಾ ಮೆಕ್ಯಾನಿಕ್ ಎಂಜಿನ್ ಆರಿಸುವುದನ್ನೇ ಮರೆತಿದ್ದ! ಆರಿದೆಯೋ ಓಡುತ್ತಿದೆಯೋ ಕಿವಿಗೆ ತಿಳಿದರೆ ತಾನೇ? ಟ್ರೇಲರನ್ನು ಅಲ್ಲೇ ಬಿಟ್ಟು, ನ್ಯೂಟ್ರಲ್‌ಗೆ ಹಾಕಿ, ಹೊಳೆಯುವ ಬ್ರೇಕಿನ ಮೇಲೆ ಭಾರ ಹಾಕಿ ಉದ್ದಕ್ಕೂ ಉರುಳಿಸಿಕೊಂಡು ಇಳಿದೆ. ಮತ್ತೆ ಮಂಜಿನೊಳಗೆ ಬಂದಾಗ ನನ್ನ ಉಸಿರಿನ ಸದ್ದು ಗಾಡಿಗಿಂತ ಜೋರಾಗಿತ್ತು.

ಮನೆಯಂಗಳಕ್ಕೆ ಬಂದು ನೋಡಿದೆ. ಸಾಲಾಗಿ ಪಿಕಪ್‌ಗಳು, ಅವುಗಳ ಹಿಂದೆ ಊರವರೇ ನಡೆಸುವ ಅಗ್ನಿಶಾಮಕ ದಳದ ಕೆಂಪು ಲಾರಿ. ಮನೆಗೆ ಬೆಂಕಿ ಬಿತ್ತೆಂದುಕೊಂಡೆ. ಹೊಗೆ ಬರುತ್ತಿದ್ದುದು ಕೊಳವೆಯಿಂದ ಮಾತ್ರ. ಅಡಿಗೆಮನೆಯ ಕಿಟಕಿಯ ಕೆಳಗೆ ನಿಂತು ಕಿವಿಗೊಟ್ಟೆ. ದಳದ ಮುಖ್ಯಸ್ಥ ಮರ್ವ್‌ನ ದನಿ. ಇಬ್ಬರು ಹೊಳೆಯ ಕಡೆ ಹುಡುಕಲು ಹೋಗಿದ್ದಾರೆ, ಈ ಮಂಜಿನಲ್ಲಿ ಹೆಲಿಕಾಪ್ಟರ್ ಏರುವುದಿಲ್ಲ, ಸ್ವಲ್ಪ ತಿಳಿಯಾದ ಕೂಡಲೇ ಎಲ್ಲರೂ ಗುಡ್ಡ ಹತ್ತೋಣ ಎಂದು ಹೇಳುತ್ತಿದ್ದ. ಬಾಯಲ್ಲಿ ಏನೋ ತುಂಬಿತ್ತು. ವಾಸನೆಯಿಂದ ಅದು ನೋಲಾ ಮಾಡುವ ಚೀಸ್ ರೋಲ್ ಎಂದು ಗೊತ್ತಾಯಿತು. ನಮ್ಮ ಕಡೆ ಹೆರಿಗೆಯಿರಲಿ ಸಾವಿರಲಿ, ಮೊದಲು ಬರುವುದು ಚೀಸ್ ರೋಲ್.

ಯಾರು ಕಾಣೆಯಾದರಪ್ಪ ಎಂದು ನನಗೂ ಆತಂಕವಾಯಿತು.

“ಒಳ್ಳೆ ಮನುಷ್ಯ ಕಣ್ರೋ,” ಎಂದಿತು ಇನ್ನೊಂದು ದನಿ.

“ಒಳ್ಳೆಯವನೇ,” ಎಂದ ಮರ್ವ್. “ಆದ್ರೆ ನನ್ನ ಬೇಲಿ ತಂತಿ ಎಳೆಯೋ ಯಂತ್ರ ತಗೊಂಡು ಹೋದವನು ವಾಪಸ್ ಕೊಡಲೇ ಇಲ್ಲ.”

ಆ ಯಂತ್ರ ಇದ್ದದ್ದು ನನ್ನ ಶೆಡ್ಡಿನಲ್ಲಿ. ಕಾಣೆಯಾದವನು ಯಾರೆಂದು ಆಗ ಹೊಳೆಯಿತು.

ಒಳಗೆ ನಗುವೆದ್ದಿತು, ನೋಲಾರ ದನಿಗೆ ಅಡಗಿತು. ಅವರು ನಿಧಾನವಾಗಿ, ಯಾರ ಮುಖವನ್ನೂ ನೋಡದವರ ಹಾಗೆ ಮಾತಾಡುತ್ತಿದ್ದರು.

“ಸತ್ತ ಅಂತ ನಾನು ಹೇಳಿಲ್ಲ. ಸದ್ದು ಬರಲಿಲ್ಲ ಅಂದೆ, ಅಷ್ಟೆ. ದಿನಾ ಅವನು ಗುಡ್ಡ ಹತ್ತೋದು ಕೇಳತ್ತೆ. ಮೇಲಿನ ಗೇಟ್ ಹತ್ರ ನಿಲ್ಲತ್ತೆ. ಮತ್ತೆ ಶುರುವಾಗೋವರೆಗೂ ನಾನು ಕೆಲಸ ಮುಟ್ಟಲ್ಲ. ಈ ಕಡೆ ಇಳಿಯೋಕೆ ಶುರು ಮಾಡಿದ ಅಂದ್ರೆ ಕೆಟಲ್ ಇಡ್ತೀನಿ.” ಯಾರೋ ತಟ್ಟೆ ಕೆಳಗಿಟ್ಟ ಸದ್ದಾಯಿತು. “ಲೆನ್ ಬೈಕು ಆ ಗೇಟ್ ಹತ್ರ ನಿಂತಿದ್ದು ನನಗೆ ಕೇಳಿತ್ತು. ಮತ್ತೆ ಶುರುವಾಗಲಿಲ್ಲ. ಬೇಲಿ ನೋಡ್ತಿರಬೇಕು ಅಂತ ನಾನು ಪಾತ್ರೆ ತೊಳೀತಾ ಇದ್ದೆ.”

ನಾನು ಕಿಟಕಿಯ ಕೆಳಗೇ ಕೂತುಬಿಟ್ಟೆ. ನಾನು ಸತ್ತರೆ ಯಾರಿಗೆ ತಿಳಿಯುತ್ತದೆ ಎಂದು ಅಷ್ಟು ಸಂಜೆ ಲೆಕ್ಕ ಹಾಕಿದ್ದೆನಲ್ಲ, ಆ ಲೆಕ್ಕ ಪೂರ್ತಿ ತಪ್ಪಾಗಿತ್ತು. ದಿನಾ ಒಬ್ಬರು ಗುಡ್ಡದಾಚೆ ಕಿವಿಯನ್ನು ನನ್ನ ಮೇಲೇ ಇಟ್ಟು ಕೂತಿದ್ದರು. ನಾನು ಅವರಿಗೆ ಉಪಕಾರ ಮಾಡುತ್ತೇನೆಂದು ಆ ಒಂದು ಸದ್ದನ್ನೇ ಹೊಸ ನಟ್ಟು ಹಾಕಿ ಬಿಗಿದು ಮುಚ್ಚಿದ್ದೆ.

ಅಷ್ಟರಲ್ಲಿ ಕಿಪ್ ನನ್ನ ವಾಸನೆ ಹಿಡಿದು ಬಂದು ಬೊಗಳಿತು. ಬಾಗಿಲು ತೆರೆಯಿತು, ಕಣಿವೆಯೇ ನನ್ನ ಅಡಿಗೆಮನೆಯಲ್ಲಿ ಚೀಸ್ ರೋಲ್ ಹಿಡಿದು ನಿಂತಿತ್ತು. “ಪೆಟ್ರೋಲ್ ಮುಗಿದಿತ್ತು,” ಎಂದೆ. ಮರ್ವ್ ಬಾಯಲ್ಲಿದ್ದದ್ದನ್ನು ನುಂಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಯಂತ್ರ ಎಲ್ಲಿ ಎಂದು ಕೇಳಿದ.

ನೋಲಾ ಎದ್ದು ಬಂದರು. ತಬ್ಬಿಕೊಳ್ಳುತ್ತಾರೋ ಬಾರಿಸುತ್ತಾರೋ ಎಂದು ಕಾದೆ.

“ಬೂಟು ಬಿಚ್ಚು,” ಎಂದರು. “ಈಗ ತಾನೆ ನೆಲ ಒರೆಸಿದೀನಿ. ಸತ್ತವನ ಮನೆ ಇಷ್ಟು ಗಲೀಜು ಅಂತ ಜನ ಆಡ್ಕೋಬಾರದಲ್ಲ.”

ಬೂಟು ಬಿಚ್ಚುತ್ತ ಬಗ್ಗಿದವನಿಗೆ ಅವರ ಕೈ ಕಂಡಿತು. ನೀರೆಲ್ಲ ಹೋದ ಒರೆಸುವ ಬಟ್ಟೆಯನ್ನು ಆ ಕೈ ಹಿಂಡುತ್ತಲೇ ಇತ್ತು, ಸದ್ದಿಲ್ಲದೆ. ಮೇರಿಯನ್ನಳನ್ನು ನಾನು ಕೇಳದ ಮಾತು ಆಗ ಬಾಯಿಗೆ ಬಂತು.

“ಹೇಗಿದೀರಿ ನೋಲಾ?”

ಅವರು ಬಟ್ಟೆಯನ್ನು ಮಡಿಸಿ ಸಿಂಕಿನ ಅಂಚಿಗೆ ಹಾಕಿದರು. “ಬೆಳಿಗ್ಗೆಯಿಂದ ಚಹಾ ಕುಡಿದಿಲ್ಲ,” ಎಂದರು.

ಎಲ್ಲರೂ ಹೋದ ಮೇಲೆ ಶೆಡ್ಡಿಗೆ ಹೋದೆ. ಜೀವನದಲ್ಲಿ ಮೊದಲ ಸಲ ಗಾಡಿಯನ್ನು ಕೆಡಿಸುವುದಕ್ಕೆಂದು ಸಲಕರಣೆ ಎತ್ತಿಕೊಂಡೆ. ಡ್ರಿಲ್ ಹಿಡಿದು, ಕಣ್ಣು ಮುಚ್ಚಿ, ಥಳಥಳ ಹೊಸ ಸೈಲೆನ್ಸರಿಗೆ ಅಚ್ಚುಕಟ್ಟಾಗಿ ಒಂದು ತೂತು ಕೊರೆದೆ. ಅಂಚನ್ನು ಅರದಿಂದ ನಯ ಮಾಡಿದೆ. ನನ್ನ ಕೈಯಿಂದ ಆದದ್ದು ತೂತಾದರೂ ಚೊಕ್ಕವಾಗಿರಬೇಕಲ್ಲ!

ಮರುದಿನ ಬೆಳಿಗ್ಗೆ ಪೆಟ್ರೋಲ್ ತುಂಬಿ ಶುರು ಮಾಡಿದೆ. ಕಿಪ್ ಎದ್ದು ಬಂದು ಹಿಂದೆ ಹತ್ತಿ ಕೂತಿತು. ಕುರಿಗಳು ಓಡಿ ಬಂದವು. ಮೇಲಿನ ಗೇಟಿನಲ್ಲಿ ಬೇಕೆಂದೇ ಎಂಜಿನ್ ಆರಿಸದೆ ಇಳಿದು, ಗೇಟು ತೆಗೆದು, ಹಾಕಿ, ಗುಡ್ಡದಾಚೆ ಇಳಿದೆ. ನೋಲಾ ತಲೆಯನ್ನು ಒಂದು ಕಡೆ ವಾಲಿಸಿ ಅಂಗಳದಲ್ಲೇ ನಿಂತಿದ್ದರು. ನಾನು ಎದೆಯುಬ್ಬಿಸಿ ಗಾಡಿಯನ್ನು ಅವರ ಮುಂದೆ ತಂದು ನಿಲ್ಲಿಸಿದೆ. ಅವರು ಬಗ್ಗಿ ತೂತನ್ನು ನೋಡಿದರು, ಒಳಗೆ ಕಿರುಬೆರಳು ತೂರಿಸಲು ಹೋಗಿ ಬಿಸಿಗೆ ಕೈ ಹಿಂದೆಗೆದುಕೊಂಡರು.

“ಚಿಕ್ಕದಾಯ್ತು. ಗಾಳಿ ಆ ಕಡೆಗೆ ಬೀಸಿದ್ರೆ ನನಗೆ ಕೇಳಲ್ಲ,” ಎಂದು ಒಳಕ್ಕೆ ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. “ಒಂದು ತೂತು ನೆಟ್ಟಗೆ ಮಾಡೋಕೆ ಬರಲ್ಲ, ಕಣಿವೆಗೆಲ್ಲ ದೊಡ್ಡ ಮೆಕ್ಯಾನಿಕ್ ಅಂತೆ. ಬಾ, ಚಹಾ ಆರತ್ತೆ.”