ಗೇಟಿಗೆ ಕಟ್ಟಿದ ಕೆಂಪು ಟವೆಲ್

ನಿದ್ದೆ ಮಾಡುವುದರಲ್ಲಷ್ಟೇ ಅಲ್ಲ, ಮಾಡಿಸುವುದರಲ್ಲೂ ನಾನು ಎತ್ತಿದ ಕೈ ಎಂಬ ಭ್ರಮೆ ನಿನ್ನೆಯವರೆಗೂ ನನಗಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಶಿಫ್ಟ್ ಮಾಡಿದವನು ನಾನು. ನಮ್ಮ ಕ್ವಾರ್ಟರ್ಸ್‌ನಲ್ಲಿ ಹಗಲು ನಿದ್ದೆಗೆ ಪೂಜೆಯಷ್ಟೇ ಮರ್ಯಾದೆ. ನೈಟ್ ಶಿಫ್ಟ್ ಮುಗಿಸಿದವನು ಮಲಗಿದ್ದರೆ ಅವನ ಗೇಟಿಗೆ ಕೆಂಪು ಟವೆಲ್ ಕಟ್ಟುತ್ತಿದ್ದರು. ಅದನ್ನು ಕಂಡರೆ ಸೊಪ್ಪಿನವಳೂ ಬಾಯಿ ಮುಚ್ಚಿಕೊಂಡು ದಾಟಿ, ಮುಂದಿನ ಮನೆಯಿಂದ ಕೂಗು ಶುರು ಮಾಡುತ್ತಿದ್ದಳು.

ನನ್ನ ಅಣ್ಣನ ಮಗಳು ವಿಭಾ ಗಗನಸಖಿ. ಎರಡು ದಿನದ ರಜೆಗೆ ವಿದ್ಯಾನಗರದ ನಮ್ಮ ಈಗಿನ ಮನೆಗೆ ಬಂದವಳಿಗೆ ರಾತ್ರಿ ವಿಮಾನಗಳ ಡ್ಯೂಟಿಯಿಂದ ಹಗಲು ರಾತ್ರಿ ಅದಲುಬದಲಾಗಿ ಕಣ್ಣಿಗೆ ನಿದ್ದೆಯೇ ಹತ್ತಿರಲಿಲ್ಲ. ನಿನ್ನೆ ಸಂಜೆ ಹೊರಟು, ಬೆಂಗಳೂರಿನಿಂದ ತನ್ನ ಮೊದಲ ವಿದೇಶಿ ವಿಮಾನ ಹತ್ತಬೇಕಿತ್ತು. “ಹೊರಡೋಕ್ ಮುಂಚೆ ನಾಲ್ಕು ಗಂಟೆ ಹೊತ್ತಾದ್ರೂ ಮಲಗ್ಬೇಕು ಚಿಕ್ಕಪ್ಪ. ನಿದ್ದೆ ಆಗ್ಲಿಲ್ಲ ಅಂದ್ರೆ ನಾನೇ ಆಫೀಸಿಗೆ ಫೋನ್ ಮಾಡಿ ಬರಲ್ಲ ಅನ್ಬೇಕು. ಚಾನ್ಸು ಬೇರೆಯವ್ರಿಗೆ ಹೋಗತ್ತೆ” ಎಂದಳು. ಅವಳೇ ಹೇಳಿದ್ದು: ಗಗನಯಾತ್ರಿಗಳಿಗಂತೂ ದಿನಕ್ಕೆ ಹದಿನಾರು ಸಲ ಬೆಳಗಾಗುತ್ತದಂತೆ, ಅವರ ನಿದ್ದೆಯ ಪಾಡು ಇನ್ನೂ ಕಷ್ಟವಂತೆ. “ಹದಿನಾರು ಸಲ ಕಾಫಿ ಮಾಡೋರ್ಯಾರು ಮಾರಾಯ್ತಿ!” ಎಂದು ನನ್ನ ಹೆಂಡತಿ ಗಾಬರಿಯಾದಳು. ನನಗೋ ಹುರುಪೇ ಹುರುಪು! ನಿವೃತ್ತನಾದ ಮೇಲೆ ಮೊದಲ ಸಲ ನನ್ನ ಅನುಭವಕ್ಕೆ ಕೆಲಸ ಸಿಕ್ಕಿತ್ತು. ಕುಕ್ಕರ್ ಬಂದ್, ಮಿಕ್ಸಿ ಬಂದ್, ಟೀವಿ ಬಂದ್. ಓಡಿಹೋಗಿ ಗೇಟಿಗೆ ಕೆಂಪು ಟವೆಲ್ ಕಟ್ಟಿದೆ.

ಅದರ ಅರ್ಥ ವಿದ್ಯಾನಗರದಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ಐದೇ ನಿಮಿಷಕ್ಕೆ ಬೆಲ್! ಎದುರು ಮನೆಯ ಮೇಷ್ಟ್ರು: “ಏನ್ರೀ, ಯಾರಿಗಾದ್ರೂ ಹುಷಾರಿಲ್ವಾ?” ಅವರನ್ನು ಪಿಸುಮಾತಿನಲ್ಲೇ ಸಾಗಹಾಕುವಷ್ಟರಲ್ಲಿ ಪಕ್ಕದ ಮನೆಯ ಶಾರದಮ್ಮ: “ಮನೆ ಮಾರ್ತಿದೀರಾ?” ಮೂರನೆಯವರ್ಯಾರೋ ಪುಣ್ಯಾತ್ಮರು, ಗಾಳಿಗೆ ಹಾರಿಬಂದು ಸಿಕ್ಕಿಕೊಂಡಿದೆ ಎಂದು ಟವೆಲ್ ಬಿಚ್ಚಿ, ನೀಟಾಗಿ ಮಡಿಸಿ, ಬೆಲ್ ಒತ್ತಿ ನನ್ನ ಕೈಗೇ ಕೊಟ್ಟರು. ಪ್ರತಿ ಬೆಲ್ಲಿಗೂ ನನಗೆ ಒಂದೇ ಚಿಂತೆ. ಹುಡುಗಿಯ ಚಾನ್ಸು ಹೋಯಿತಲ್ಲಪ್ಪಾ! ಒಬ್ಬೊಬ್ಬರು ಹೋದಾಗಲೂ ರೂಮಿಗೆ ಓಡಿ ವಿಚಾರಿಸಿಕೊಂಡು ಬರುತ್ತಿದ್ದೆ.

ಮೂರನೆಯ ಸಲ ವಿಭಾ ಎದ್ದು ಕೂತು ಕಿವಿಯಿಂದ ಎರಡು ಬಿರಟೆ ತೆಗೆದಳು. “ಬೆಲ್ಲು ಗಿಲ್ಲು ಏನೂ ಕೇಳಿಸ್ಲಿಲ್ಲ ಚಿಕ್ಕಪ್ಪ. ಮೂರು ಸಲವೂ ಎಚ್ಚರ ಆಗಿದ್ದು ನೀವು ಭುಜ ಅಲ್ಲಾಡಿಸಿ, ಕಿವಿ ಹತ್ರಾನೇ ಬಂದು ‘ನಿದ್ದೆ ಬಂತಾ ಪುಟ್ಟಾ’ ಅಂದಿದ್ದಕ್ಕೆ.”

ಹೆಂಡತಿ ನನ್ನನ್ನು ಹೊರಗೆ ಹಾಕಿ ಚಿಲಕ ಹಾಕಿಕೊಂಡಳು. ಸಂಜೆ ಬಾಗಿಲು ತೆರೆದಾಗ ವಿಭಾಳ ಮುಖ ಅರಳಿತ್ತು, ನಾಲ್ಕು ಗಂಟೆಯ ಭರ್ತಿ ನಿದ್ದೆ! ನನಗೆ ಖುಷಿಗೆ ಕಣ್ಣು ತುಂಬಿ ಬಂತು. ಆಟೋ ಹತ್ತುವಾಗ ಹೇಳಿದಳು: “ಅಲ್ಲಿ ಇಳಿದು ಮಲಗಿ, ಎದ್ದ ಮೇಲೆ ಫೋನ್ ಮಾಡ್ತೀನಿ.”

ಇಷ್ಟು ಹೊತ್ತಿಗೆ ಇಳಿದಿರುತ್ತಾಳೆ. ಮಲಗಿದ್ದಾಳೋ ಇಲ್ಲವೋ, ಒಂದೇ ಒಂದು ಸಲ ಫೋನ್ ಮಾಡಿ ಕೇಳಿಬಿಡಲೇ?